ಬೀಜಕ್ಕೊಂದು ಹುಂಜ



ನಿಮ್ಮ ಮನೆಯಲ್ಲಿ ಕೋಳಿ ಇದೆಯೇ? ಎಷ್ಟು ಹ್ಯಾಟೆ? ಎಷ್ಟು ಹುಂಜ?

ಹಸುವಿನ ದುಡ್ಡು ಸಾಲಕ್ಕೆ ಹೋಗುತ್ತದೆ. ರಾಗಿ ದುಡ್ಡು ಗೊಬ್ಬರದ ಅಂಗಡಿಗೆ ಹೋಗುತ್ತದೆ. ಕೋಳಿ ದುಡ್ಡು ಮಾತ್ರ ನಮ್ಮ ಕೈಯಲ್ಲಿ ಉಳಿಯುತ್ತದೆ. ಮಗುವಿಗೆ ನೋಟ್ ಪುಸ್ತಕ, ಬಸ್ಸಿನ ಚಾರ್ಜು, ಜ್ವರದ ಮಾತ್ರೆ ಎಲ್ಲಾ ಇದರಿಂದಲೇ. ಅದಕ್ಕೇ ಈ ಪಾಠದಲ್ಲಿ ಕೋಳಿಯ ಮಾತು.

ಹನ್ನೆರಡು ಮೊಟ್ಟೆ, ಒಂದೂ ಮರಿ ಇಲ್ಲ

ನಮ್ಮ ಕಲಿಕಾ ಕೇಂದ್ರಕ್ಕೆ ಅತ್ತೆ ಸೊಸೆ ಇಬ್ಬರೂ ಬರುತ್ತಿದ್ದರು. ಅತ್ತೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವರದು ತೋಟದ ಮನೆ. ಸುತ್ತ ಬೇರೆ ಮನೆ ಇಲ್ಲ.

ಒಂದು ದಿನ ದೊಡ್ಡಮ್ಮ ಒಬ್ಬರೇ ಬಂದರು. ಮುಖ ಗಂಟು ಹಾಕಿಕೊಂಡಿದ್ದರು.

"ಸೊಸೆ ಎಲ್ಲಿ ದೊಡ್ಡಮ್ಮ?" ಎಂದೆ.

"ಅವಳ ಸುದ್ದಿ ಬೇಡ ಟೀಚರಮ್ಮ. ಹನ್ನೆರಡು ಮೊಟ್ಟೆ ಕಾವಿಗೆ ಇಟ್ಟಿದ್ದೆ. 21 ದಿನ ಆಯ್ತು. ಒಂದೂ ಮರಿ ಆಗ್ಲಿಲ್ಲ. ಅವಳು ಹೊರಗಾಗಿದ್ದಾಗ ಮೊಟ್ಟೆ ಮುಟ್ಟಿದ್ದಾಳೆ. ಅದಕ್ಕೇ ಎಲ್ಲಾ ಕೆಟ್ಟೋಯ್ತು."

ಅಲ್ಲಿದ್ದ ಹೆಂಗಸರು ಸುಮ್ಮನಾದರು. ಕೆಲವರು ಹೌದು ಎಂದು ತಲೆ ಆಡಿಸಿದರು.

ನಾನು ಮರುದಿನ ತೋಟದ ಮನೆಗೆ ಹೋದೆ. ಸೊಸೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕಣ್ಣು ಊದಿಕೊಂಡಿತ್ತು.

"ಮೊಟ್ಟೆ ಇನ್ನೂ ಇವೆಯಾ?" ಎಂದು ಕೇಳಿದೆ. ಇದ್ದವು. ತಿಪ್ಪೆಯ ಹತ್ತಿರ ಒಂದೊಂದಾಗಿ ಒಡೆದು ನೋಡಿದೆವು. ಮರಿ ಬೆಳೆದು ಸತ್ತಿದ್ದರೆ ಅದರ ಗುರುತು ಇರಬೇಕಿತ್ತು. ರಕ್ತದ ಗೆರೆಯಾದರೂ ಇರಬೇಕಿತ್ತು. ಒಂದರಲ್ಲೂ ಇರಲಿಲ್ಲ.

"ದೊಡ್ಡಮ್ಮ, ನಿಮ್ಮ ಹುಂಜ ಎಲ್ಲಿ?" ಎಂದೆ.

"ಹುಂಜಾನಾ? ಎರಡಿದ್ದವು. ಕರಿ ಹುಂಜ, ಕೆಂಪು ಹುಂಜ ಕಿತ್ತಾಡಿದವು. ಕರೀದಕ್ಕೆ ಕತ್ತಿನ ಹತ್ತಿರ ಗಾಯ ಆಯ್ತು. ಹುಳ ಬಿದ್ದು ಸತ್ತೋಯ್ತು. ಕೆಂಪು ಹುಂಜ ಊರ ಹಬ್ಬಕ್ಕೆ ಸಾರಾಯ್ತು. ನೆಂಟರು ಬಂದಿದ್ರಲ್ಲ."

"ಊರ ಹಬ್ಬ ಯಾವತ್ತು?"

ದೊಡ್ಡಮ್ಮನಿಗೆ ನೆನಪಿರಲಿಲ್ಲ. ಸೊಸೆ ಒಳಗೆ ಹೋಗಿ ಗೋಡೆಯ ಕ್ಯಾಲೆಂಡರ್ ತಂದಳು. ಅಕ್ಷರ ಕಲಿತ ಮೇಲೆ ಅವಳು ಅದರಲ್ಲಿ ಗುರುತು ಹಾಕುತ್ತಿದ್ದಳು. ಮಾರ್ಚ್ 1ರ ಮನೆಯಲ್ಲಿ "ಹಬ್ಬ" ಎಂದು ಬರೆದಿದ್ದಳು. ಏಪ್ರಿಲ್ 1ರಿಂದ 5ರವರೆಗೆ "ಮೊಟ್ಟೆ" ಎಂದಿತ್ತು. ಏಪ್ರಿಲ್ 6ಕ್ಕೆ "ಕಾವು" ಎಂದಿತ್ತು.

ಮೂವರೂ ಕೂತು ಎಣಿಸಿದೆವು. ಹುಂಜ ಹೋದದ್ದು ಮಾರ್ಚ್ 1. ಮೊಟ್ಟೆ ಕೂಡಿಟ್ಟದ್ದು ಏಪ್ರಿಲ್ 1ರಿಂದ. ನಡುವೆ 31 ದಿನ.

"ದೊಡ್ಡಮ್ಮ, ಇದು ಸೊಸೆ ಕೈಯಿಂದ ಆದದ್ದಲ್ಲ. ಹುಂಜ ಇಲ್ಲದ ಮೊಟ್ಟೆ ಇದು. ಯಾರು ಮುಟ್ಟಿದರೂ, ಮುಟ್ಟದಿದ್ದರೂ ಮರಿ ಆಗುತ್ತಿರಲಿಲ್ಲ" ಎಂದೆ.

ದೊಡ್ಡಮ್ಮ ಕ್ಯಾಲೆಂಡರನ್ನೇ ನೋಡುತ್ತಾ ಕೂತರು.

ಹುಂಜ ಇಲ್ಲದಿದ್ದರೂ ಮೊಟ್ಟೆ ಬರುತ್ತದೆ

ಇದು ಬಹಳ ಜನರಿಗೆ ತಿಳಿಯದ ವಿಷಯ. ಮೊಟ್ಟೆ ಇಡಲು ಹ್ಯಾಟೆಗೆ ಹುಂಜ ಬೇಡ. ಮರಿ ಆಗಲು ಹುಂಜ ಬೇಕು.

ಕುಂಬಳದ ಬಳ್ಳಿ ನೋಡಿದ್ದೀರಲ್ಲ? ಹೆಣ್ಣು ಹೂವಿನ ಕೆಳಗೆ ಹೀಚು ಇರುತ್ತದೆ. ಗಂಡು ಹೂವಿನ ಪುಡಿ ತಗಲಿದರೆ ಹೀಚು ಕಾಯಾಗುತ್ತದೆ. ತಗಲದಿದ್ದರೆ ಹಳದಿಯಾಗಿ ಉದುರುತ್ತದೆ. ಮೊಟ್ಟೆಯೂ ಹಾಗೆಯೇ.

ಹುಂಜ ಕೂಡಿದ ಮೇಲೆ ಅದರ ಬೀಜ ಹ್ಯಾಟೆಯ ಹೊಟ್ಟೆಯೊಳಗೆ ಕೆಲವು ದಿನ ಉಳಿಯುತ್ತದೆ. ಹುಂಜ ಹೋದ ಮೇಲೂ ಸುಮಾರು 10 ದಿನ ಮರಿ ಆಗುವ ಮೊಟ್ಟೆ ಸಿಗುತ್ತದೆ. ಆಮೇಲೆ ದಿನದಿನಕ್ಕೆ ಕಡಿಮೆ ಆಗುತ್ತದೆ. ಮೂರು ವಾರ ಕಳೆದ ಮೇಲೆ ನಂಬುವಂತಿಲ್ಲ.

ಹಾಗಾಗಿ ಹುಂಜ ಸತ್ತರೆ ಕೂಡಲೇ ಎದೆಗುಂದಬೇಡಿ. ಮೊದಲ ವಾರದ ಮೊಟ್ಟೆಯನ್ನು ತಿನ್ನಬೇಡಿ, ಮಾರಬೇಡಿ. ಕಾವಿಗೆ ಕೂತ ಕೋಳಿ ಇದ್ದರೆ ಅದಕ್ಕೆ ಇಡಿ. ಆ ಹುಂಜದ ತಳಿ ಹೀಗೆ ಉಳಿಯುತ್ತದೆ.

ಇನ್ನೊಂದು ಮಾತು. ಮುಟ್ಟಾದ ಹೆಂಗಸು ಮುಟ್ಟಿದರೆ ಮೊಟ್ಟೆ ಕೆಡುವುದಿಲ್ಲ. ಮೊಟ್ಟೆಗೆ ಬೇಕಾದದ್ದು ತೊಳೆದ ಒಣ ಕೈ. ಅದು ಗಂಡಸಿನ ಕೈ ಆದರೂ ಸರಿ, ಹೆಂಗಸಿನ ಕೈ ಆದರೂ ಸರಿ.

ಕರಿ ಹುಂಜ ಏಕೆ ಸತ್ತಿತು?

ಕರಿ ಹುಂಜದ ಗಾಯ ದೊಡ್ಡದಾಗಿರಲಿಲ್ಲ. ದೊಡ್ಡಮ್ಮ ಸ್ವಲ್ಪ ಸೀಮೆಎಣ್ಣೆ ಸವರಿ ಹಿತ್ತಲಿಗೆ ಬಿಟ್ಟಿದ್ದರು. ಉಳಿದ ಕೋಳಿಗಳು ರಕ್ತ ಕಂಡು ಅಲ್ಲೇ ಕುಕ್ಕಿದವು. ನೊಣ ಕೂತಿತು. ಐದನೇ ದಿನಕ್ಕೆ ಹುಳ ಬಿದ್ದಿತ್ತು.

ಹುಂಜಕ್ಕೆ ಗಾಯ ಆಗುವುದು ಸಾಮಾನ್ಯ. ಹುಂಜ ಹುಂಜದ ಜೊತೆ ಜಗಳ ಆಡುತ್ತದೆ. ನಾಯಿ, ಮುಂಗುಸಿ ಬಂದರೆ ಹ್ಯಾಟೆಗಳು ಓಡುತ್ತವೆ. ಹುಂಜ ಎದುರು ನಿಲ್ಲುತ್ತದೆ. ಮೊದಲು ಪೆಟ್ಟು ತಿನ್ನುವುದು ಅದೇ.

ಗಾಯ ಆದ ಕೂಡಲೇ ಹೀಗೆ ಮಾಡಿ.

1. ಹುಂಜವನ್ನು ಬೇರೆ ಮಾಡಿ. ಮಂಕರಿ ಕೆಳಗೆ ಮುಚ್ಚಿ. ನೆರಳಿನ, ಸದ್ದಿಲ್ಲದ ಜಾಗ ಇರಲಿ. ಗಾಳಿ ಆಡುತ್ತಿರಲಿ.

2. ರಕ್ತ ಸುರಿಯುತ್ತಿದ್ದರೆ ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಐದು ನಿಮಿಷ ಬಿಡಬೇಡಿ. ನಡುನಡುವೆ ತೆಗೆದು ನೋಡಬೇಡಿ. ಜುಟ್ಟಿನ ಗಾಯದಲ್ಲಿ ರಕ್ತ ಹೆಚ್ಚು ಬರುತ್ತದೆ. ಹೆದರಬೇಡಿ, ಒತ್ತಿದರೆ ನಿಲ್ಲುತ್ತದೆ.

3. ನೀರು ಕುದಿಸಿ ಆರಿಸಿ. ಒಂದು ಲೀಟರ್ ನೀರಿಗೆ ಎರಡು ಚಿಕ್ಕ ಚಮಚ ಉಪ್ಪು ಹಾಕಿ. ಅದರಿಂದ ಗಾಯ ತೊಳೆಯಿರಿ. ಸುತ್ತಲಿನ ಗರಿಯನ್ನು ಕತ್ತರಿಯಿಂದ ಕತ್ತರಿಸಿ. ಗರಿ ಗಾಯಕ್ಕೆ ಅಂಟಬಾರದು.

4. ಔಷಧಿ ಅಂಗಡಿಯಲ್ಲಿ ಪೊವಿಡೋನ್ ಅಯೋಡಿನ್ ಮುಲಾಮು ಸಿಗುತ್ತದೆ. ನಮ್ಮ ಗಾಯಕ್ಕೂ ಇದನ್ನೇ ಹಚ್ಚುತ್ತಾರೆ. ಗಾಯಕ್ಕೆ ತೆಳ್ಳಗೆ ಹಚ್ಚಿ. ಕಣ್ಣಿಗೆ ಹಚ್ಚಬೇಡಿ. ಗಾಯದ ಸುತ್ತ ಬೇವಿನ ಎಣ್ಣೆ ಸವರಿದರೆ ನೊಣ ಕಡಿಮೆ.

5. ಸೀಮೆಎಣ್ಣೆ, ಸುಣ್ಣ, ಬ್ಯಾಟರಿ ಪುಡಿ ಹಾಕಬೇಡಿ. ಇವು ಚರ್ಮ ಸುಡುತ್ತವೆ. ನಮ್ಮ ನೋವಿನ ಮಾತ್ರೆಯನ್ನೂ ಕೊಡಬೇಡಿ.

6. ಕುಡಿಯಲು ನೀರು ಹತ್ತಿರ ಇಡಿ. ಮೆತ್ತಗಿನ ಅನ್ನ, ನೆನೆಸಿದ ನುಚ್ಚು ಕೊಡಿ.

7. ದಿನಕ್ಕೆ ಎರಡು ಸಲ ಗಾಯ ನೋಡಿ. ಹುಳ ಕಂಡರೆ, ಕೆಟ್ಟ ವಾಸನೆ ಬಂದರೆ, ಹುಂಜ ಮೇವು ಬಿಟ್ಟರೆ ಪಶು ಆಸ್ಪತ್ರೆಗೆ ಒಯ್ಯಿರಿ.

8. ನಿಮ್ಮ ಕೈಯನ್ನು ಸೋಪಿನಿಂದ ತೊಳೆಯಿರಿ.

ನಾಯಿ, ಬೆಕ್ಕು ಕಚ್ಚಿದ ಗಾಯ ಮೇಲಿಂದ ಚಿಕ್ಕದು. ಒಳಗೆ ಆಳ. ಗರಿ ಸರಿಸಿ ಮೈಯೆಲ್ಲಾ ನೋಡಿ. ಇಂಥ ಗಾಯವನ್ನು ಡಾಕ್ಟರಿಗೆ ತೋರಿಸುವುದೇ ಒಳ್ಳೆಯದು. ಅವರು ಔಷಧಿ ಕೊಟ್ಟರೆ ಒಂದು ಪ್ರಶ್ನೆ ಕೇಳಿ: "ಎಷ್ಟು ದಿನ ಈ ಕೋಳಿ ಮಾಂಸ ತಿನ್ನಬಾರದು?" ಹ್ಯಾಟೆ ಆದರೆ ಮೊಟ್ಟೆಯ ಬಗ್ಗೆಯೂ ಕೇಳಿ.

ಕಾಲು ಮುರಿದಿದ್ದರೆ ಮೆತ್ತನೆ ಬಟ್ಟೆ ಸುತ್ತಿ. ಎರಡು ಬಿದಿರು ಸೀಳು ಇಟ್ಟು ಕಟ್ಟಿ. ಬಿಗಿ ಆಗಬಾರದು. ಬೆರಳು ತಣ್ಣಗಾದರೆ, ಊದಿದರೆ ಸಡಿಲ ಮಾಡಿ. ಮೂಳೆ ಹೊರಗೆ ಬಂದಿದ್ದರೆ ನೀವು ಕಟ್ಟಬೇಡಿ, ಆಸ್ಪತ್ರೆಗೆ ಹೋಗಿ. ಮೂಳೆ ಕೂಡಲು ಸುಮಾರು ಮೂರು ವಾರ ಬೇಕು. ಕಾಲು ನೋಯುವ ಹುಂಜ ಹ್ಯಾಟೆಯನ್ನು ಕೂಡುವುದಿಲ್ಲ. ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜಗಳ ಕಡಿಮೆ ಮಾಡುವುದು ಹೇಗೆ?

ಒಂದು ಹುಂಜಕ್ಕೆ 8ರಿಂದ 10 ಹ್ಯಾಟೆ ಇರಬೇಕು. ಹ್ಯಾಟೆ ಕಡಿಮೆ ಇದ್ದು ಹುಂಜ ಹೆಚ್ಚಾದರೆ ಜಗಳ ತಪ್ಪದು. ಹ್ಯಾಟೆಗಳಿಗೂ ಹಿಂಸೆ. ಹುಂಜ ಮತ್ತೆ ಮತ್ತೆ ಹತ್ತಿ ಅವುಗಳ ಬೆನ್ನಿನ ಗರಿ ಉದುರುತ್ತದೆ. ಕಾಲಿನ ಹಿಂದಿನ ಮುಳ್ಳು ತಗಲಿ ಬೆನ್ನು ಸೀಳುತ್ತದೆ. ಮುಳ್ಳಿನ ಚೂಪಾದ ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಬಹುದು. ಬುಡಕ್ಕೆ ಹೋಗಬೇಡಿ, ಅಲ್ಲಿ ರಕ್ತ ಇರುತ್ತದೆ.

ಮೇವನ್ನು ಒಂದೇ ಕಡೆ ಸುರಿಯಬೇಡಿ. ಎರಡು ಮೂರು ಕಡೆ ಹಾಕಿ. ಸೋತ ಹುಂಜ ಅಡಗಲು ಮರೆ ಇರಲಿ.

ಕತ್ತಲಾಗುವ ಮುಂಚೆ ಕೋಳಿಗಳನ್ನು ಗೂಡಿಗೆ ಸೇರಿಸಿ ಬಾಗಿಲು ಹಾಕಿ. ಮುಂಗುಸಿ ಸಣ್ಣ ಸಂದಿನಲ್ಲೂ ನುಗ್ಗುತ್ತದೆ. ಗೂಡು ನೆಲದಿಂದ ಎತ್ತರ ಇದ್ದರೆ ಒಳ್ಳೆಯದು.

ಮನೆಯ ಗಂಡಸರು ಹುಂಜವನ್ನು ಪಂದ್ಯಕ್ಕೆ ಕೇಳಿದರೆ ಕೊಡಬೇಡಿ. ಕಾಲಿಗೆ ಕತ್ತಿ ಕಟ್ಟಿ ಬಿಟ್ಟ ಹುಂಜ ಮನೆಗೆ ಬರುವುದು ಕಷ್ಟ. ಪ್ರಾಣಿಗಳನ್ನು ಹೀಗೆ ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ತಪ್ಪು.

ಕೆಂಪು ಹುಂಜ ಸಾರಾಗಬೇಕಿತ್ತೇ?

ಈಗ ಒಂದು ಪ್ರಶ್ನೆ. ಬಿತ್ತನೆಗೆ ರಾಗಿ ಎತ್ತಿಡುವಾಗ ಯಾವ ತೆನೆ ಆರಿಸುತ್ತೀರಿ? ದಪ್ಪ ತೆನೆ, ಗಟ್ಟಿ ಕಾಳು. ಜೊಳ್ಳನ್ನು ಯಾರೂ ಬೀಜಕ್ಕೆ ಇಡುವುದಿಲ್ಲ.

ಹುಂಜದ ವಿಷಯದಲ್ಲಿ ನಾವು ತಿರುಗಾ ಮುರುಗಾ ಮಾಡುತ್ತೇವೆ. ದೊಡ್ಡದು ಹಬ್ಬಕ್ಕೆ ಹೋಗುತ್ತದೆ. ಒಳ್ಳೆಯ ಬೆಲೆ ಬಂತೆಂದು ಎರಡನೆಯದು ಸಂತೆಗೆ ಹೋಗುತ್ತದೆ. ಯಾರಿಗೂ ಬೇಡವಾದ ಪೀಚು ಹುಂಜ ಹಿತ್ತಲಲ್ಲಿ ಉಳಿಯುತ್ತದೆ. ಎಲ್ಲಾ ಮರಿಗಳಿಗೂ ಅದೇ ಅಪ್ಪ!

ಈ ಮಾತು ಹೇಳಿದಾಗ ದೊಡ್ಡಮ್ಮ ನಕ್ಕರು. "ನಿಜ ಕಣಮ್ಮ. ಹಿಂದೆ ನಮ್ಮನೆ ಕೋಳಿ ಇಷ್ಟು ಸಣ್ಣ ಇರ್ಲಿಲ್ಲ" ಎಂದರು.

ನೆಂಟರಿಗೆ ಊಟ ಹಾಕಬೇಡಿ ಎಂದು ಯಾರೂ ಹೇಳುವುದಿಲ್ಲ. ಬೀಜದ ಹುಂಜವನ್ನು ಮೊದಲೇ ಗುರುತು ಮಾಡಿ. ಅದರ ಕಾಲಿಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ. "ಇದನ್ನು ಮುಟ್ಟಬೇಡಿ" ಎಂದು ಮನೆಯವರಿಗೆಲ್ಲ ಹೇಳಿ. ಉಳಿದವು ಹಬ್ಬಕ್ಕೆ, ಸಂತೆಗೆ.

ಬೀಜದ ಹುಂಜ ಹೇಗಿರಬೇಕು?

ಕಣ್ಣು ಹೊಳೆಯುತ್ತಿರಬೇಕು. ಜುಟ್ಟು ಕೆಂಪಾಗಿರಬೇಕು. ಕಾಲು, ಬೆರಳು ನೆಟ್ಟಗಿರಬೇಕು. ವಯಸ್ಸು ಎಂಟು ತಿಂಗಳು ದಾಟಿರಬೇಕು. ಕಾಳು ಕಂಡಾಗ ಹ್ಯಾಟೆಗಳನ್ನು ಕರೆಯಬೇಕು. ಮಕ್ಕಳ ಮೇಲೆ ಹಾರುವ ಹುಂಜ ಬೇಡ. ಅದರ ತಾಯಿಯನ್ನೂ ನೋಡಿ. ಚೆನ್ನಾಗಿ ಮೊಟ್ಟೆ ಇಟ್ಟು, ಕಾವು ಕೂತು, ಮರಿ ಸಾಕಿದ ಹ್ಯಾಟೆಯ ಮಗನನ್ನೇ ಆರಿಸಿ.

ಒಂದೇ ಹುಂಜವನ್ನು ನಂಬಬೇಡಿ. ಅದರ ಹಿಂದೆ ಒಂದು ಎಳೆಯ ಹುಂಜ ಇರಲಿ. ಜಗಳ ಆದರೆ ಅದನ್ನು ಬೇರೆ ಗೂಡಿನಲ್ಲಿಡಿ.

ಮೂರು ಮನೆಯ ಹುಂಜ

ಒಂದೇ ಹುಂಜವನ್ನು ಬಹಳ ವರ್ಷ ಇಟ್ಟುಕೊಳ್ಳುವುದೂ ಸರಿಯಲ್ಲ. ಅದರ ಹೆಣ್ಣು ಮರಿಗಳು ಬೆಳೆಯುತ್ತವೆ. ಆ ಹುಂಜ ತನ್ನ ಮರಿಗಳನ್ನೇ ಕೂಡುತ್ತದೆ. ಹೀಗೇ ನಡೆದರೆ ಮೊಟ್ಟೆಯಲ್ಲಿ ಮರಿ ಆಗುವುದು ಕಡಿಮೆ ಆಗುತ್ತದೆ. ಆದ ಮರಿ ಬಲ ಇಲ್ಲದೆ ಸಾಯುತ್ತದೆ.

ಇದಕ್ಕೆ ನಮ್ಮ ಕೇಂದ್ರದ ಹೆಂಗಸರು ಒಂದು ದಾರಿ ಮಾಡಿದರು. ತೋಟದ ಮನೆ, ಕೆರೆ ಕೆಳಗಿನ ಮನೆ, ಬೇವಿನ ಮರದ ಮನೆ. ಮೂರು ಮನೆಯವರು ಕೂಡಿದರು. ವರ್ಷಕ್ಕೊಮ್ಮೆ ಹುಂಜವನ್ನು ಮುಂದಿನ ಮನೆಗೆ ಕೊಡುವುದು. ತೋಟದ ಮನೆಯದು ಕೆರೆ ಮನೆಗೆ. ಕೆರೆ ಮನೆಯದು ಬೇವಿನ ಮನೆಗೆ. ಬೇವಿನ ಮನೆಯದು ತೋಟದ ಮನೆಗೆ. ದುಡ್ಡು ಬೇಡ. ಒಂದು ಮನೆಯಲ್ಲಿ ಹುಂಜ ಸತ್ತರೆ ಇನ್ನೊಂದು ಮನೆಯಿಂದ ಎಳೆಯ ಹುಂಜ ಬರುತ್ತದೆ.

ಹುಂಜ ಕೊಡುವಾಗ, ತರುವಾಗ ಎಚ್ಚರ ಇರಲಿ. ಹೊಸ ಹುಂಜದ ಜೊತೆ ರೋಗವೂ ಬರಬಹುದು. ಅದನ್ನು ಮೂರು ವಾರ ದೂರದಲ್ಲಿ ಬೇರೆ ಇಡಿ. ಅದರ ನೀರು, ಮೇವಿನ ಪಾತ್ರೆ ಬೇರೆ. ಮೊದಲು ನಿಮ್ಮ ಕೋಳಿ ನೋಡಿ, ಆಮೇಲೆ ಅದನ್ನು ನೋಡಿ. ಕೆಮ್ಮು, ಸೀನು, ಹಸಿರು ಬಿಳಿ ಭೇದಿ ಇಲ್ಲದಿದ್ದರೆ ಒಳಗೆ ಬಿಡಿ. ಸಂಜೆ ಬಿಡುವುದು ಒಳ್ಳೆಯದು.

ರಾಣಿಖೇತ್ ಎಂಬ ರೋಗ ಇದೆ. ಕೊಕ್ಕರೆ ರೋಗ ಎಂದೂ ಹೇಳುತ್ತಾರೆ. ಬಂದರೆ ಮನೆ ಕೋಳಿಯೆಲ್ಲ ಸಾಯಬಹುದು. ಔಷಧಿ ಇಲ್ಲ, ಲಸಿಕೆ ಇದೆ. ಮರಿಗೆ 5ರಿಂದ 7ನೇ ದಿನದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ. 8 ವಾರ ಆದಾಗ ಚುಚ್ಚುಮದ್ದು. ಮುಂದೆ ಯಾವಾಗ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ. ಲಸಿಕೆಯ ಒಂದು ಸೀಸೆ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗೆ ಆಗುತ್ತದೆ. ಒಡೆದ ಸೀಸೆ ನಾಳೆಗೆ ಉಳಿಯುವುದಿಲ್ಲ. ಅದಕ್ಕೇ ಹತ್ತಾರು ಮನೆಯವರು ಒಂದೇ ದಿನ ಹಾಕಿಸಿ.

ಕೋಳಿಗಳು ಒಟ್ಟಿಗೆ ಸಾಯತೊಡಗಿದರೆ ಮಾರಬೇಡಿ, ತಿನ್ನಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಕೂಡಲೇ ಪಶು ಆಸ್ಪತ್ರೆಗೆ ಹೇಳಿ. ಪಶು ಸಹಾಯವಾಣಿಯ ನಂಬರು 1962.

ಮತ್ತೆ ಕಾವು

ಮೇ 2ರಂದು ಬೇವಿನ ಮರದ ಮನೆಯಿಂದ ತೋಟದ ಮನೆಗೆ ಒಂದು ಹುಂಜ ಬಂತು. ಸೊಸೆ ಕ್ಯಾಲೆಂಡರಿನಲ್ಲಿ ಬರೆದಳು. ಮೂರು ವಾರ ಬೇರೆ ಇಟ್ಟರು. ಮೇ 23ರಂದು ಹ್ಯಾಟೆಗಳ ಜೊತೆ ಬಿಟ್ಟರು.

"ನಾಳೆಯಿಂದಲೇ ಮೊಟ್ಟೆ ಕೂಡಿಡೋಣವಾ?" ಎಂದರು ದೊಡ್ಡಮ್ಮ.

"ಬೇಡ ಅತ್ತೆ. ಹುಂಜ ಎಲ್ಲಾ ಹ್ಯಾಟೆ ಜೊತೆ ಹೊಂದಿಕೊಳ್ಳಲಿ. ಹತ್ತು ದಿನ ತಡೀರಿ. ಅಲ್ಲಿವರೆಗಿನ ಮೊಟ್ಟೆ ಮಾರಿಬಿಡೋಣ" ಎಂದಳು ಸೊಸೆ.

ಜೂನ್ 3ರಿಂದ 7ರವರೆಗೆ ಮೊಟ್ಟೆ ಕೂಡಿಟ್ಟರು. ತಂಪು ಜಾಗದಲ್ಲಿ, ಮೊನೆ ಕೆಳಗೆ ಮಾಡಿ ಇಟ್ಟರು. ಬಿರುಕು ಬಿಟ್ಟದ್ದು, ತೀರಾ ಸಣ್ಣದು ತೆಗೆದರು. ಜೂನ್ 8ರಂದು 12 ಮೊಟ್ಟೆ ಕಾವಿಗೆ ಇಟ್ಟರು.

ಜೂನ್ 15ರ ರಾತ್ರಿ ನಾನೂ ಹೋಗಿದ್ದೆ. ಏಳು ದಿನ ಆಗಿತ್ತು. ದೀಪ ಆರಿಸಿದೆವು. ರಟ್ಟಿಗೆ ತೂತು ಮಾಡಿ, ಹಿಂದೆ ಟಾರ್ಚ್ ಹಿಡಿದೆವು. ತೂತಿನ ಮೇಲೆ ಮೊಟ್ಟೆ ಇಟ್ಟಳು ಸೊಸೆ. ಒಳಗೆ ಜೇಡರ ಬಲೆಯಂತೆ ಕೆಂಪು ಎಳೆಗಳು ಕಂಡವು. ನಡುವೆ ಒಂದು ಕಪ್ಪು ಚುಕ್ಕೆ.

"ಅದೇ ಮರಿ ದೊಡ್ಡಮ್ಮ" ಎಂದೆ.

ದೊಡ್ಡಮ್ಮ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

ಎರಡು ಮೊಟ್ಟೆಯಲ್ಲಿ ಏನೂ ಇರಲಿಲ್ಲ. ಬರೀ ಬೆಳಕು. ಅವನ್ನು ತೆಗೆದೆವು. ಉಳಿದದ್ದು 10.

ಜೂನ್ 29ಕ್ಕೆ 21 ದಿನ. ಒಂಬತ್ತು ಮರಿ ಹೊರಬಂದವು. ಒಂದು ಮೊಟ್ಟೆಯಲ್ಲೇ ಸತ್ತಿತ್ತು.

ಅಂದು ಸಂಜೆ ಅತ್ತೆ ಸೊಸೆ ಇಬ್ಬರೂ ಕೇಂದ್ರಕ್ಕೆ ಬಂದರು. ದೊಡ್ಡಮ್ಮ ಎಲ್ಲರ ಮುಂದೆ ಹೇಳಿದರು.

"ಅವತ್ತು ಸುಮ್ನೆ ನನ್ನ ಸೊಸೇನ ಬೈದೆ. ತಪ್ಪು ಹುಂಜ ಇಲ್ಲದ್ದು. ಈ ಸಲ ಮೊಟ್ಟೆ ಇಟ್ಟೋಳೂ ಅವಳೇ, ನೋಡ್ಕೊಂಡೋಳೂ ಅವಳೇ. ನಡುವೆ ಹೊರಗಾಗಿದ್ಲು. ಆದ್ರೂ ಒಂಬತ್ತು ಮರಿ. ಇದ್ರಲ್ಲಿ ಮೊದಲು ಮೊಟ್ಟೆ ಇಡೋ ಹ್ಯಾಟೆ ಅವಳದು. ಆ ದುಡ್ಡೂ ಅವಳದೇ."

ಸೊಸೆ ತಲೆ ತಗ್ಗಿಸಿ ಸ್ಲೇಟಿನ ಮೇಲೆ ಏನೋ ಬರೆಯುತ್ತಿದ್ದಳು. ನಾನು ಬಗ್ಗಿ ನೋಡಿದೆ. "ಜೂನ್ 29. ಮರಿ 9" ಎಂದು ಬರೆದಿದ್ದಳು.

ನೆನಪಿಡಿ

ಹುಂಜ ಇಲ್ಲದೆ ಮೊಟ್ಟೆ ಬರುತ್ತದೆ, ಮರಿ ಬರುವುದಿಲ್ಲ.
8ರಿಂದ 10 ಹ್ಯಾಟೆಗೆ ಒಂದು ಹುಂಜ. ಜೊತೆಗೆ ಒಂದು ಎಳೆಯ ಹುಂಜ.
ಗಾಯ ಆದ ಹುಂಜವನ್ನು ಮೊದಲು ಬೇರೆ ಮಾಡಿ, ಆಮೇಲೆ ತೊಳೆಯಿರಿ.
ಒಳ್ಳೆಯ ಹುಂಜ ಬೀಜಕ್ಕೆ, ಉಳಿದದ್ದು ಹಬ್ಬಕ್ಕೆ.
ಹೊಸ ಹುಂಜ ಮೂರು ವಾರ ಬೇರೆ ಇರಲಿ.
ತಾರೀಕು ಬರೆದಿಡಿ.

ಉತ್ತರ ಹೇಳಿ

1. ದೊಡ್ಡಮ್ಮ ಮೊದಲು ಯಾರನ್ನು ಬೈದರು? ನಿಜವಾದ ಕಾರಣ ಏನು?
2. ಕರಿ ಹುಂಜವನ್ನು ಉಳಿಸಲು ಏನು ಮಾಡಬೇಕಿತ್ತು?
3. ನಿಮ್ಮ ಮನೆಯಲ್ಲಿ ಯಾವ ಹುಂಜ ಹಬ್ಬಕ್ಕೆ ಹೋಗುತ್ತದೆ? ಯಾವುದು ಉಳಿಯುತ್ತದೆ?

ಲೆಕ್ಕ ಮಾಡಿ

1. ಜುಲೈ 5ರಂದು ಕಾವಿಗೆ ಇಟ್ಟರೆ ಮರಿ ಯಾವ ತಾರೀಕಿಗೆ ಬರಬೇಕು?
2. ಆಗಸ್ಟ್ 10ಕ್ಕೆ ಹುಂಜ ಸತ್ತಿತು. ಸೆಪ್ಟೆಂಬರ್ 15ರ ಮೊಟ್ಟೆಯನ್ನು ಕಾವಿಗೆ ಇಡಬಹುದೇ? ಏಕೆ?
3. 30 ಹ್ಯಾಟೆಗೆ ಎಷ್ಟು ಹುಂಜ ಬೇಕು?

ಬರೆಯಿರಿ

ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ಸಲ ಕೋಳಿ ಕಾವಿಗೆ ಕೂತ ದಿನವನ್ನು ಬರೆಯಿರಿ. 21 ದಿನ ಎಣಿಸಿ. ಆ ದಿನಕ್ಕೆ ಸುತ್ತು ಹಾಕಿ.